ಒಂದೇ ರಿಂಗಿನ ಕೆಳಗೆ ಇಬ್ಬರು

ಬೆರ್ಜಿನೈ
12 ಅಕ್ಟೋಬರ್ 1997

ಪ್ರೀತಿಯ ನಿಯೋಲೆ,

ಪಾರ್ಸೆಲ್ ಬಂತು. ಎರಡು ಜೊತೆ ಶೂ, ಎರಡೂ ಐವತ್ತನೇ ನಂಬರು, ಎರಡೂ ಬಿಳಿ. ಪೋಸ್ಟ್ ಆಫೀಸಿನ ಬ್ರೋನೆ ಡಬ್ಬವನ್ನು ಅಲ್ಲಾಡಿಸಿ ನೋಡಿ, "ಏನು ಟೀಚರ್, ಅಮೆರಿಕದಿಂದ ಜೋಡಿ ದೋಣಿ ತರಿಸಿದ್ದೀರಾ?" ಅಂದಳು.

ಭಾನುವಾರ ಹುಡುಗರಿಬ್ಬರೂ ನಗರದಿಂದ ಬಂದಿದ್ದರು. ಶೂ ಬಂದಿದೆ ಅಂದದ್ದೇ ತಡ, ಇಬ್ಬರೂ ಒಟ್ಟಿಗೇ ತಲೆ ಬಗ್ಗಿಸಿ ಅಡುಗೆಮನೆಗೆ ನುಗ್ಗಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡರು. ನಮ್ಮ ಯಜಮಾನ ಸ್ಟಾಸಿಸ್ ಆಲೂಗಡ್ಡೆ ಸುಲಿಯುತ್ತಿದ್ದವನು ತಲೆ ಎತ್ತದೆ, "ಒಬ್ಬೊಬ್ಬರಾಗಿ ಬನ್ರೋ. ಈ ಬಾಗಿಲು ನಮ್ಮಪ್ಪ ಮನುಷ್ಯರಿಗೆ ಅಂತ ಮಾಡಿಸಿದ್ದು" ಅಂದ. ನನ್ನ ಡೈನ್ಯುಸ್ ಬಿಡಲಿಲ್ಲ. ನಿನ್ನ ಯೋರಿಸ್ ನಗುತ್ತಾ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲ ಚೌಕಟ್ಟಿನ ಮೇಲಿನ ಪೆನ್ಸಿಲ್ ಗೆರೆಗಳಿಗೆ ಈಗ ಜಾಗವಿಲ್ಲ. ಇಬ್ಬರೂ ಎರಡು ಮೀಟರ್ ಎಂಟು ಸೆಂಟಿಮೀಟರ್. ಹತ್ತೊಂಬತ್ತು ವರ್ಷಕ್ಕೆ!

ಬಾಸ್ಕೆಟ್‌ಬಾಲ್ ಕ್ಲಬ್ಬಿನ ವಿಷಯ ಕೇಳಿದ್ದೆಯಲ್ಲ. ಕೋಚ್ ರಮೋಶ್ಕಾ ನನಗೆ ಫೋನ್ ಮಾಡಿದ್ದರು. "ಟೀಚರಮ್ಮ, ನೀವು ನನಗೆ ಒಂದೇ ಹುಡುಗನನ್ನ ಎರಡು ಸಲ ಕಳಿಸಿದ್ದೀರಿ" ಅಂದರು. ಇಬ್ಬರಿಗೂ ಎಡಗೈಯೇ ಬಲ, ಇಬ್ಬರೂ ಎದುರಾಳಿಗೆ ಬೆನ್ನು ಕೊಟ್ಟು ಒಳಗೆ ತಳ್ಳುವವರು, ಇಬ್ಬರಿಗೂ ಬೇಕಾದ್ದು ರಿಂಗಿನ ಕೆಳಗಿನ ಅದೇ ಎರಡು ಹೆಜ್ಜೆ ಜಾಗ. ಮೊದಲ ಐದು ಜನರಲ್ಲಿ ಇಬ್ಬರನ್ನೂ ನಿಲ್ಲಿಸಿದರೆ ಒಂದು ಸಣ್ಣ ಕೋಣೆಗೆ ಎರಡು ಬೀರು ತಂದಿಟ್ಟ ಹಾಗೆ, ಒಂದರ ಬಾಗಿಲೂ ತೆಗೆಯಲು ಬರುವುದಿಲ್ಲ. ಅವರ ಮಾತು ಇದು.

ನಾನೇನು ಮಾಡಲಿ ನಿಯೋಲೆ, ನಿನಗೆ ಗೊತ್ತಲ್ಲ. ಹನ್ನೆರಡು ವರ್ಷಕ್ಕೇ ಇವರಿಬ್ಬರೂ ಊರಿಗೆಲ್ಲ ಎತ್ತರ. ಇವರ ಎದುರು ನಿಲ್ಲಿಸಲು ನನ್ನ ಶಾಲೆಯಲ್ಲಿ ಬೇರೆ ಯಾರಿದ್ದರು? ಒಬ್ಬನ ಎದುರು ಇನ್ನೊಬ್ಬನನ್ನೇ ನಿಲ್ಲಿಸಿದೆ. ಪಂದ್ಯಗಳಲ್ಲಿ ಒಬ್ಬ ದಣಿದು ಕೂತರೆ ಇನ್ನೊಬ್ಬ ಎದ್ದ. ನಲವತ್ತು ನಿಮಿಷವೂ ಅಂಗಳದಲ್ಲಿ ಒಬ್ಬ ದೈತ್ಯ ಇರುತ್ತಿದ್ದ. ಹಾಗೆ ತಾನೇ ಜಿಲ್ಲೆಗೆಲ್ಲ ಗೆದ್ದದ್ದು?

ನೀನು ಬಸ್ಸು ಹತ್ತುವಾಗ ಯೋರಿಸನ ಕೈಯನ್ನು ನನ್ನ ಕೈಯಲ್ಲಿಟ್ಟೆ. ಡೈನ್ಯುಸ್‌ಗೆ ಏನೋ ಇವನಿಗೂ ಅದೇ ಎಂದು ನಾನು ಅಂದೆ. ಮರೆತಿಲ್ಲ. ಇಬ್ಬರೂ ಒಟ್ಟಿಗೆ ನಿಲ್ಲುತ್ತಾರೆ, ನೋಡುತ್ತಿರು.

ನಿನ್ನ
ಔದ್ರಾ

*

ಶಿಕಾಗೋ
2 ನವೆಂಬರ್ 1997

ಪ್ರೀತಿಯ ಔದ್ರಾ,

ಇವತ್ತು ಸತ್ತವರ ದಿನ. ನಮ್ಮಮ್ಮನ ಗೋರಿಯ ಮೇಲೆ ನನ್ನ ಪರವಾಗಿ ಒಂದು ಮೇಣದಬತ್ತಿ ಹಚ್ಚಿರುತ್ತೀಯ ಅಂತ ಗೊತ್ತು. ಇಲ್ಲಿ ಗೋರಿಗಳ ಮೇಲೆ ಹುಲ್ಲು ಕತ್ತರಿಸುವ ಗಾಡಿ ಓಡುತ್ತದೆ. ಬತ್ತಿ ಹಚ್ಚಬೇಡಿ ಅಂತ ಬೋರ್ಡು ಬೇರೆ.

ನಾನು ನೋಡಿಕೊಳ್ಳುವ ಅಜ್ಜಿ ಜುಜಾನಾ ಯುದ್ಧದ ಕಾಲಕ್ಕೆ ನಮ್ಮ ದೇಶ ಬಿಟ್ಟವರು. ಇಂಗ್ಲಿಷ್ ಮರೆತುಹೋಗಿದೆ, ಲಿಥುವೇನಿಯನ್ ಮಾತ್ರ ಉಳಿದಿದೆ. ಅವರಿಗೆ ಸ್ನಾನ ಮಾಡಿಸುವಾಗ ನಿನ್ನ ಕಾಗದ ಓದಿ ಹೇಳಿದೆ. "ಎರಡು ಎತ್ತು ಹೂಡೋದು ಗೊತ್ತಿಲ್ಲದವನು ಎಂಥ ರೈತ?" ಅಂತ ನಿಮ್ಮ ರಮೋಶ್ಕಾನಿಗೆ ಬೈದರು. ನಾನು ನಕ್ಕೆ. ಆಮೇಲೆ ಯೋಚನೆ ಬಂತು, ಇವರಿಬ್ಬರು ಯಾವತ್ತೂ ಒಂದೇ ನೊಗಕ್ಕೆ ಹೆಗಲು ಕೊಟ್ಟವರಲ್ಲವಲ್ಲ, ಔದ್ರಾ. ಕೋಡಿಗೆ ಕೋಡು ಕೊಟ್ಟು ಬೆಳೆದವರು.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಇಬ್ಬರಲ್ಲಿ ಒಬ್ಬನಿಗೇ ಜಾಗ ಅಂತಾದರೆ, ಅದು ಯಾರು?

ಕೋಪ ಮಾಡಿಕೊಳ್ಳಬೇಡ. ನನಗೆ ಬರಲು ಆಗುವುದಿಲ್ಲ. ವೀಸಾ ಮುಗಿದು ಮೂರು ವರ್ಷವಾಯಿತು. ಒಮ್ಮೆ ಹೊರಟರೆ ಮತ್ತೆ ಈ ಬಾಗಿಲು ತೆರೆಯುವುದಿಲ್ಲ, ಯೋರಿಸನ ಅಪ್ಪ ಇದ್ದಿದ್ದರೆ ಬೇರೆ ಮಾತು. ನನ್ನ ಮಗ ಎಷ್ಟೆತ್ತರ ಆಗಿದ್ದಾನೆ ಅನ್ನುವುದನ್ನು ನಾನು ಶೂ ಅಂಗಡಿಯಲ್ಲಿ ತಿಳಿದುಕೊಳ್ಳುತ್ತೇನೆ. ಅಂಗಡಿಯವನು "ಯಾರಿಗಮ್ಮ ಇಷ್ಟು ದೊಡ್ಡದು?" ಅಂದಾಗ ಇಬ್ಬರು ಮಕ್ಕಳಿಗೆ ಅನ್ನುತ್ತೇನೆ. ಸುಳ್ಳಲ್ಲ ತಾನೇ?

ಅವನು ಮೊದಲ ಐದರಲ್ಲಿ ನಿಂತ ದಿನ ಸ್ಟಾಸಿಸ್‌ಗೆ ಹೇಳಿ ವಿಡಿಯೋ ತೆಗೆಸು. ಅದೊಂದು ಸಾಕು. ಅವನ ಹೆಸರನ್ನು ಮೈಕಿನಲ್ಲಿ ಕರೆಯುವುದು, ಅವನು ಓಡಿ ಬರುವುದು, ಅಷ್ಟು.

ನಿನ್ನ
ನಿಯೋಲೆ

*

ಬೆರ್ಜಿನೈ
28 ಡಿಸೆಂಬರ್ 1997

ಪ್ರೀತಿಯ ನಿಯೋಲೆ,

ಬತ್ತಿ ಹಚ್ಚಿದ್ದೆ. ಕೆಂಪು ಗಾಜಿನದು, ಗಾಳಿಗೆ ಆರದ್ದು.

ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಕೋಚ್‌ಗೂ ಗೊತ್ತಿಲ್ಲ. ಒಂದು ವಾರ ಡೈನ್ಯುಸ್ ಶುರುವಿಗೆ ನಿಲ್ಲುತ್ತಾನೆ, ಮುಂದಿನ ವಾರ ಯೋರಿಸ್. ಕೂತವನು ನಿಂತವನ ತಪ್ಪುಗಳನ್ನು ಲೆಕ್ಕ ಹಾಕುತ್ತಾನೆ. ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಈಗ ಮಾತು ಕಡಿಮೆಯಂತೆ. ಯೋರಿಸ್ ಹೇಳಲಿಲ್ಲ, ಅವರ ಬಟ್ಟೆ ಒಗೆಯುವ ಹೆಂಗಸು ಹೇಳಿದ್ದು.

ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಇಬ್ಬರೂ ಬಂದಿದ್ದರು. ಹನ್ನೆರಡು ಬಗೆ ಮಾಡಿದ್ದೆ. ಗಸಗಸೆ ಹಾಲು ಸ್ವಲ್ಪ ಕಹಿಯಾಯಿತು. ನಿನಗೂ ಒಂದು ತಟ್ಟೆ ಇಟ್ಟಿದ್ದೆವು. ಊಟ ಆದಮೇಲೆ ಮೇಜುಬಟ್ಟೆಯ ಕೆಳಗಿನ ಹುಲ್ಲಿನಿಂದ ಒಬ್ಬೊಬ್ಬರೂ ಒಂದು ಕಡ್ಡಿ ಎಳೆದರು. ಉದ್ದ ಕಡ್ಡಿಯವನಿಗೆ ಒಳ್ಳೆಯ ವರ್ಷ. ಯೋರಿಸನಿಗೆ ಒಂದು ಮೊಳ ಉದ್ದದ್ದು ಬಂತು. ಡೈನ್ಯುಸ್‌ದು ಬೆರಳುದ್ದ. ಯೋರಿಸ್ ಮೆಲ್ಲಗೆ ತನ್ನದನ್ನು ಬೆರಳುದ್ದಕ್ಕೆ ಮುರಿದು ಪಕ್ಕದಲ್ಲಿಟ್ಟ.

"ಯಾರು ಕೇಳಿದ್ರೋ ನಿನ್ನ?" ಅಂದ ಡೈನ್ಯುಸ್.

"ಒಣಗಿತ್ತು, ತಾನೇ ಮುರೀತು."

"ಸುಳ್ಳ. ನಂಗೆ ಭಿಕ್ಷೆ ಹಾಕಬೇಡ ನೀನು."

ಸ್ಟಾಸಿಸ್, "ದನದ ಮೇವಿಗೆ ಜಗಳ ಆಡೋ ಎರಡು ಕಾಲಿನ ಪ್ರಾಣಿಗಳನ್ನ ಇವತ್ತೇ ನೋಡಿದ್ದು" ಎಂದು ನಗಿಸಲು ನೋಡಿದ. ನಗು ಬರಲಿಲ್ಲ.

ಮರುದಿನವೇ ನಾನು ಬಸ್ಸು ಹಿಡಿದು ರಮೋಶ್ಕಾ ಮನೆಗೆ ಹೋದೆ. ಹಬ್ಬದ ದಿನ, ಪಾಪ, ಬನಿಯನ್ನಿನಲ್ಲೇ ಬಾಗಿಲು ತೆಗೆದರು. ಒಂದು ಸಲ, ಒಂದೇ ಸಲ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ, ಸೋತರೆ ಆಮೇಲೆ ಬಾಯಿ ಬಿಡುವುದಿಲ್ಲ ಎಂದು ಬೇಡಿಕೊಂಡೆ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಆಮೇಲೆ, "ಫೆಬ್ರವರಿ ಹದಿನಾಲ್ಕಕ್ಕೆ ನೋಡೋಣ. ಆದರೆ ಟೀಚರಮ್ಮ, ಬಾಯಿಯನ್ನ ಮನೆಯಲ್ಲಿಟ್ಟು ಬನ್ನಿ. ಆ ಹುಡುಗರಿಗೆ ನಿಮ್ಮ ದನಿ ಒಂದು ಬಿಟ್ಟರೆ ಬೇರೆ ಏನೂ ಕೇಳಿಸಲ್ಲ" ಅಂದರು. ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು.

ಹದಿನಾಲ್ಕನೇ ತಾರೀಕು, ಶನಿವಾರ. ಸ್ಟಾಸಿಸ್ ಶಾಲೆಯ ಕ್ಯಾಮೆರಾ ಕೇಳಿಟ್ಟಿದ್ದಾನೆ.

ನಿನ್ನ
ಔದ್ರಾ

*

ಬೆರ್ಜಿನೈ
18 ಫೆಬ್ರವರಿ 1998

ನಿಯೋಲೆ,

ಸೋತೆವು. ಹತ್ತೊಂಬತ್ತು ಅಂಕದಿಂದ.

ಇಬ್ಬರೂ ಶುರುವಿಗೆ ನಿಂತರು. ಅದು ನಿಜವಾಗಿ ನಡೆಯಿತು. ಮೈಕಿನಲ್ಲಿ ಯೋರಿಸನ ಹೆಸರು ಕರೆದರು, ಅವನು ಓಡಿ ಬಂದು ಡೈನ್ಯುಸ್‌ನ ಅಂಗೈಗೆ ಅಂಗೈ ಹೊಡೆದ. ನಿನ್ನ ಶೂಗಳು ನಾಲ್ಕೂ ಒಂದೇ ಅಂಗಳದಲ್ಲಿ. ನಾನು ಅತ್ತೆ.

ಆಮೇಲೆ ಏನು ಹೇಳಲಿ? ಒಬ್ಬರಿಗೊಬ್ಬರು ಡಿಕ್ಕಿ. ಚೆಂಡು ಬಂದಾಗೆಲ್ಲ ಇಬ್ಬರೂ ಅದೇ ಜಾಗದಲ್ಲಿ. ಎದುರಾಳಿಗಳು ಗಿಡ್ಡ ಹುಡುಗರು, ನಕ್ಕುಬಿಟ್ಟರು. ಆಮೇಲೆ ಯೋರಿಸ್ ರಿಂಗಿನಿಂದ ದೂರ, ಹೊರಗೆ ಹೋಗತೊಡಗಿದ. ಮೂರಂಕದ ಗೆರೆಯ ಹತ್ತಿರ ಒಂಟಿಯಾಗಿ ನಿಂತ. ಅಲ್ಲಿಂದ ಎಸೆದ, ಒಂದೂ ಬೀಳಲಿಲ್ಲ. ಒಂಬತ್ತು ಸಲ. ಅವನಿಗೆ ಅಲ್ಲಿಂದ ಎಸೆಯುವುದನ್ನು ನಾನು ಕಲಿಸಿಯೇ ಇರಲಿಲ್ಲವಲ್ಲ. ಯಾಕೆ ಹೋದನೋ. ಪ್ರೇಕ್ಷಕರು ಸಿಳ್ಳೆ ಹಾಕಿದರು. ಅರ್ಧಕ್ಕೆ ಕೋಚ್ ಅವನನ್ನು ಕೂರಿಸಿದರು, ಮತ್ತೆ ಎಬ್ಬಿಸಲಿಲ್ಲ.

ಇನ್ನು ಒಟ್ಟಿಗೆ ಎಂಬ ಮಾತೇ ಇಲ್ಲ ಎಂದು ರಮೋಶ್ಕಾ ಹೇಳಿಕಳಿಸಿದರು. ಡೈನ್ಯುಸ್ ಉಳಿಯುತ್ತಾನೆ. ಯೋರಿಸನನ್ನು ಲಾಟ್ವಿಯಾ ಗಡಿಯ ಕಡೆಯ ಒಂದು ಕೆಳದರ್ಜೆಯ ತಂಡಕ್ಕೆ ಕಳಿಸುತ್ತಾರಂತೆ. ಅಲ್ಲಿ ಪೂರ್ತಿ ಪಂದ್ಯ ಆಡಲು ಸಿಗುತ್ತದೆ, ಅದೂ ಒಂದು ಬಗೆಯಲ್ಲಿ ಒಳ್ಳೆಯದೇ. ಹೊರಡುವಾಗ ಅವನೇ ನನಗೆ ಸಮಾಧಾನ ಹೇಳಿದ. "ಬಿಡಿ ಚಿಕ್ಕಮ್ಮ, ಅಲ್ಲಿ ಮೀನು ಚೆನ್ನಾಗಿ ಸಿಗುತ್ತಂತೆ" ಅಂದ.

ಕ್ಯಾಸೆಟ್ ಕಳಿಸುತ್ತಿದ್ದೇನೆ. ಮೊದಲ ಎರಡು ನಿಮಿಷ ನೋಡು, ಹೆಸರು ಕರೆಯುವುದು. ಮುಂದಿನದು ನೋಡಬೇಡ.

ಔದ್ರಾ

*

ಶಿಕಾಗೋ
29 ಮಾರ್ಚ್ 1998

ಔದ್ರಾ,

ಕ್ಯಾಸೆಟ್ ಬಂತು.

ಜುಜಾನಾ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಟಿವಿಯ ಮುಂದೆ ಕೂರಿಸಿದೆ, ಅವರ ತಲೆಗೊಂದು ಒಳ್ಳೆಯ ಸ್ಕಾರ್ಫ್ ಕಟ್ಟಿದೆ, ನಾನೂ ಬಟ್ಟೆ ಬದಲಾಯಿಸಿದೆ. ಚಿತ್ರ ಬರಲಿಲ್ಲ. ಬೂದು ಪಟ್ಟಿಗಳು ಕುಣಿದವು, ಅಷ್ಟೇ. ಮೂಲೆಯ ರಿಪೇರಿ ಅಂಗಡಿಯವನು ನಮ್ಮವನೇ. "ಅಕ್ಕಾ, ಅಲ್ಲಿಯ ಕ್ಯಾಸೆಟ್ಟು ಇಲ್ಲಿಯ ಮಷೀನಿಗೆ ಹೊಂದಲ್ಲ. ಎಲ್ಲ ತಾಯಂದಿರೂ ಇದೇ ತಪ್ಪು ಮಾಡ್ತಾರೆ. ಮದುವೆ ತರಿಸ್ತಾರೆ, ಮಳೆ ನೋಡ್ತಾರೆ" ಅಂದ.

ಚಿತ್ರ ಇಲ್ಲ. ಆದರೆ ದನಿ ಇತ್ತು. ಇಲ್ಲಿಯ ಮಷೀನು ಬೇಗ ಓಡುತ್ತದೆ, ಎಲ್ಲರ ದನಿಯೂ ಚಿಕ್ಕ ಮಕ್ಕಳ ದನಿಯ ಹಾಗೆ. ಮೈಕಿನವನು ಗುಬ್ಬಚ್ಚಿಯ ಹಾಗೆ ನನ್ನ ಮಗನ ಹೆಸರು ಕರೆದ. ಅದನ್ನು ನಾಲ್ಕು ಸಲ ಕೇಳಿದೆ. ನೀನು ಹೇಳಿದ ಹಾಗೆ ಅಲ್ಲಿಗೇ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ನಿನ್ನ ಗಂಡ ನಿನ್ನ ಪಕ್ಕದಲ್ಲೇ ಕೂತು ತೆಗೆದಿದ್ದಾನೆ. ಕ್ಯಾಮೆರಾಕ್ಕೆ ಕಿವಿಯೂ ಇರುತ್ತದೆ ಎಂದು ನಿಮಗಿಬ್ಬರಿಗೂ ಹೊಳೆಯಲಿಲ್ಲ ಅಂತ ಕಾಣುತ್ತದೆ.

ನಿನ್ನ ದನಿ ನನಗೆ ಕೂಡಲೇ ಗುರುತು ಸಿಕ್ಕಿತು. ನಾವು ಮೂರನೇ ಕ್ಲಾಸಿನಲ್ಲಿದ್ದಾಗ, ಕೆರೆಯ ಮಂಜುಗಡ್ಡೆಯ ಮೇಲೆ ನಾನು ತೀರ ದೂರ ಹೋದಾಗ ನೀನು ಕೂಗಿದ್ದ ದನಿ ಅದು. ಅದೇ ಪುಟ್ಟ ಔದ್ರಾ. "ಯೋರಿ, ಹೊರಗೆ! ಯೋರಿ, ಜಾಗ ಬಿಡು! ಯೋರಿ, ಅವನಿಗೆ ಬಿಡು!"

ಹದಿನಾಲ್ಕು ಸಲ.

ಯಾಕೆ ಹೋದನೋ, ಎಂದು ನೀನು ಬರೆದಿದ್ದೆ.

ಇನ್ನು ಮೇಲೆ ಒಂದೇ ಜೊತೆ ಶೂ ಕಳಿಸುತ್ತೇನೆ. ಅವನಿಗೇ ನೇರವಾಗಿ.

ನಿಯೋಲೆ

*

ಬೆರ್ಜಿನೈ
7 ಜೂನ್ 1998

ನಿಯೋಲೆ,

ಈ ಕಾಗದವನ್ನು ಏಪ್ರಿಲ್‌ನಿಂದ ಬರೆಯುತ್ತಿದ್ದೇನೆ. ಬರೆದು ಒಲೆಗೆ ಹಾಕಿದ್ದೇ ಹೆಚ್ಚು.

ಕೂಗಿದೆ. ಹೌದು. ಬಾಯಿ ಬಿಡುವುದಿಲ್ಲ ಎಂದು ರಮೋಶ್ಕಾಗೆ ಮಾತು ಕೊಟ್ಟು ಹೋದವಳು ಮೂರನೇ ನಿಮಿಷಕ್ಕೇ ಎದ್ದು ನಿಂತೆ. ಕೂಗಿದ್ದು ಟೀಚರೋ ತಾಯಿಯೋ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಟೀಚರೇ ಎಂದು ನಿನಗೆ ಬರೆದು ಕಳಿಸಬಹುದಿತ್ತು. ಇಬ್ಬರಲ್ಲಿ ಒಬ್ಬ ಹೊರಗೆ ಸರಿಯಲೇಬೇಕಿತ್ತು, ಆಟ ಬಲ್ಲ ಯಾರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ಒಬ್ಬನ ಹೆಸರೇ ಯಾಕೆ ಬಾಯಿಗೆ ಬಂತು? ಅದಕ್ಕೂ ಉತ್ತರ ಗೊತ್ತು. ಹೋಗು ಅಂದರೆ ಹೋಗುವವನು ಯೋರಿಸ್. ಬಾಗಿಲಲ್ಲಿ ಹಿಂದೆ ಸರಿಯುವವನು, ಕಡ್ಡಿ ಮುರಿಯುವವನು. ನನ್ನ ಮಗ ಸರಿಯುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಮಾತು ಕೇಳುವವನಿಗೇ ಹೇಳಿದೆ. ಐದು ವರ್ಷ ಅವನಿಗೆ ನನ್ನ ಕೈಯಾರೆ ಬಡಿಸಿ, ಅವನ ಆ ಗುಣವನ್ನೇ ಹಿಡಿದು ಅವನನ್ನು ಹೊರಗೆ ತಳ್ಳಿದೆ.

ಇನ್ನೊಂದು ತಪ್ಪು ಅದಕ್ಕಿಂತ ಹಳೆಯದು. ಅದು ಈಗ ಡೈನ್ಯುಸ್‌ನನ್ನು ನೋಡಿದಾಗ ಅರ್ಥವಾಗುತ್ತಿದೆ. ನೀನು ಸಂತೋಷಪಡುವವಳಲ್ಲ, ಆದರೂ ತಿಳಿದಿರಲಿ. ಅವನೂ ಈಗ ಮೊದಲ ಐದರಲ್ಲಿಲ್ಲ. ಅಭ್ಯಾಸದಲ್ಲಿ ಅವನ ಬೆನ್ನಿಗೆ ಯಾರ ಎದೆಯೂ ಸಿಗುವುದಿಲ್ಲ. ಬೇರೆಯವರು ತಳ್ಳುವುದು ಬೇರೆ ಥರ. ಅವನು ತಿರುಗಿದರೆ ಅಲ್ಲಿ ಬೇಕಾದವನು ಇಲ್ಲ, ಬೀಳುತ್ತಾನೆ. "ಗೋಡೆ ಇಲ್ಲಮ್ಮ" ಅಂದ ಹೋದ ವಾರ, ಅಷ್ಟೇ ಅಂದದ್ದು. ಆರು ವರ್ಷ ಒಬ್ಬನಿಗೆ ಇನ್ನೊಬ್ಬ ಗೋಡೆ. ಹುಡುಗರಿಗೆ ಆಟ ಕಲಿಸಿದ್ದೇನೆ ಅಂದುಕೊಂಡಿದ್ದೆ. ಒಬ್ಬನನ್ನು ಇನ್ನೊಬ್ಬನಿಗೆ ಒರಗಿಸಿ ಬೆಳೆಸಿದ್ದೆ. ಈಗ ಒಂದನ್ನು ತೆಗೆದದ್ದೇ ಎರಡೂ ಬಿದ್ದವು.

ಯೋರಿಸ್ ಆ ಗಡಿಯ ತಂಡ ಬಿಟ್ಟಿದ್ದಾನೆ. ಮೇ ತಿಂಗಳಲ್ಲಿ ಒಂದು ದಿನ ನಾನು ಶಾಲೆಯಲ್ಲಿದ್ದಾಗ ಬಂದು, ಬಟ್ಟೆ ತೆಗೆದುಕೊಂಡು ಹೋಗಿದ್ದಾನೆ. ಬಿಳಿ ಶೂ ಬಾಗಿಲ ಹತ್ತಿರ ಇಟ್ಟು ಹೋಗಿದ್ದಾನೆ, ಲೇಸು ಕಟ್ಟಿ, ಒರೆಸಿ. ಎಲ್ಲಿದ್ದಾನೆ ಎಂದು ನಿನಗೆ ಬರೆದಿದ್ದರೆ ಒಂದು ಸಾಲು ತಿಳಿಸು. ನನಗೆ ಕ್ಷಮೆ ಬೇಡ. ವಿಳಾಸ ಸಾಕು.

ಔದ್ರಾ

*

ಬೆರ್ಜಿನೈ
23 ಆಗಸ್ಟ್ 1998

ನಿಯೋಲೆ,

ಜೂನ್ ಕಾಗದ ತಲುಪಿತೋ ಇಲ್ಲವೋ ಎಂದು ಮತ್ತೆ ಬರೆಯುತ್ತಿದ್ದೇನೆ. ಬ್ರೋನೆ ಈಗ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾಳೆ.

ನಿಮ್ಮಮ್ಮನ ಗೋರಿಯ ಮೇಲಿನ ಕಳೆ ಕಿತ್ತೆ. ಅಷ್ಟು ಮಾಡಲು ನನಗೆ ಅನುಮತಿ ಇದೆ ಅಂದುಕೊಂಡಿದ್ದೇನೆ.

ಔದ್ರಾ

*

ಕ್ಲೈಪೆಡಾ
20 ಸೆಪ್ಟೆಂಬರ್ 1998

ಔದ್ರಾ ಚಿಕ್ಕಮ್ಮನವರಿಗೆ,

ಅಮ್ಮ ನಿಮ್ಮ ಎರಡೂ ಕಾಗದಗಳನ್ನು ನನಗೆ ಕಳಿಸಿದ್ದಾಳೆ. ಜೊತೆಗೆ ಏನೂ ಬರೆದಿಲ್ಲ. ನಾನು ಬಂದರಿನಲ್ಲಿ ಮರದ ದಿಮ್ಮಿ ಹೇರುವ ಕಡೆ ಇದ್ದೇನೆ. ಇಲ್ಲಿಯವರು ನನ್ನನ್ನು ಕ್ರೇನು ಅಂತ ಕರೆಯುತ್ತಾರೆ. "ಕ್ರೇನು ಊಟಕ್ಕೆ ಬಂತು, ದಾರಿ ಬಿಡ್ರೋ" ಅನ್ನುತ್ತಾರೆ. ಕೆಟ್ಟವರಲ್ಲ. ಆಡು ಬಾ ಅಂತ ಯಾರೂ ಕರೆಯುವುದಿಲ್ಲ, ಎಡ ಮೊಣಕಾಲು ಉಳುಕಿದೆ ಎಂದು ಹೇಳಿದ್ದೇನೆ. ಉಳುಕಿಲ್ಲ.

ನಿಮ್ಮ ಮೇಲೆ ಕೋಪವಿಲ್ಲ. ನೀವು ಹೋಗು ಅಂದಿರಿ, ಹೋದೆ. ಸಾವಿರ ಜನ ಕೂಗುವಾಗಲೂ ನನಗೆ ನಿಮ್ಮ ದನಿ ಕೇಳುತ್ತದೆ, ಅದು ನನ್ನ ತಪ್ಪೂ ಅಲ್ಲ, ನಿಮ್ಮದೂ ಅಲ್ಲ.

ಒಂದು ವಿಷಯ ನಿಮಗೆ ಗೊತ್ತಿಲ್ಲ ಅಂತ ಕಾಗದ ಓದಿದಾಗ ತಿಳಿಯಿತು. ಹೇಳದೆ ಇರಬಹುದಿತ್ತು. ನಾಲ್ಕು ದಿನ ಹೇಳದೆ ಇದ್ದೆ.

ಆ ಪಂದ್ಯದ ವಾರ ಕೋಚ್ ನಮ್ಮಿಬ್ಬರನ್ನು ಬೆಳಿಗ್ಗೆ ಬೇರೆಯಾಗಿ ಕರೆದು ಕಲಿಸುತ್ತಿದ್ದರು. ಹೊರಗೆ ನಿಲ್ಲಬೇಕಾದವನು ನಾನಲ್ಲ, ಡೈನ್ಯುಸ್. ಅವನ ಕೈ ದೂರದಿಂದ ಚೆನ್ನಾಗಿತ್ತು ಚಿಕ್ಕಮ್ಮ, ನಮಗ್ಯಾರಿಗೂ ಗೊತ್ತಿರಲಿಲ್ಲ, ನೀವು ಅವನನ್ನು ಅಲ್ಲಿ ಯಾವತ್ತೂ ನಿಲ್ಲಿಸಿರಲಿಲ್ಲ. ಅವನು ಹೊರಗೆ, ನಾನು ಒಳಗೆ. ಮೂರು ದಿನ ಆಗಲಿಲ್ಲ. ಇಬ್ಬರೂ ಬೈದಾಡಿಕೊಂಡೆವು. ಗುರುವಾರ ಆಯಿತು. ಹನ್ನೊಂದು ನಿಮಿಷ ಆಡಿಸಿದರು, ಹನ್ನೊಂದೂ ನಿಮಿಷ ಸರಿಯಾಗಿ ನಡೆಯಿತು. ಅವನು ಹೊರಗಿನಿಂದ ಚೆಂಡು ಕೊಡುತ್ತಿದ್ದ, ನಾನು ತಿರುಗುವ ಮೊದಲೇ ಅದು ನನ್ನ ಕೈಯಲ್ಲಿರುತ್ತಿತ್ತು. ನಾನು ಎತ್ತ ತಿರುಗುತ್ತೇನೆ ಅಂತ ಅವನಷ್ಟು ಬಲ್ಲವರು ಯಾರಿದ್ದಾರೆ? ಆರು ವರ್ಷ ಅದನ್ನು ತಡೆದವನು ಅವನೇ. ಕೋಚ್ ಸೀಟಿಯನ್ನು ಬಾಯಿಂದ ತೆಗೆದು, "ಅಯ್ಯೋ ದೇವರೇ, ಎರಡೂ ಬೀರಿನ ಬಾಗಿಲು ತೆಗೀತಲ್ಲೋ" ಅಂದರು. ಡೈನ್ಯುಸ್ ನನ್ನನ್ನು ನೋಡಿ ನಕ್ಕ. ಅಂಗಳದಲ್ಲಿ ಅವನ ನಗು ನಾನು ನೋಡಿದ್ದು ಅದೇ ಮೊದಲು. ಯಾವಾಗಲೂ ಅವನ ಬೆನ್ನು ನನ್ನ ಕಡೆ ಇರುತ್ತಿತ್ತು, ಇಲ್ಲವೇ ನನ್ನ ಬೆನ್ನು ಅವನ ಕಡೆ.

ಶನಿವಾರ ಮೊದಲ ಮೂರು ನಿಮಿಷ ಗಾಬರಿಗೆ ಇಬ್ಬರೂ ಹಳೆಯ ಜಾಗಕ್ಕೇ ಓಡಿದೆವು. ಕೋಚ್ ಬೆಂಚಿನಿಂದ ಎದ್ದು, "ಡೈನ್ಯುಸ್, ಹೊರಗೆ!" ಎಂದು ಕೂಗಿದರು. ಅದೇ ಹೊತ್ತಿಗೆ ನೀವು ಕೂಗಿದಿರಿ. ಕೋಚ್ ಮತ್ತೆ ಮತ್ತೆ ಕೂಗಿದರು. ನೀವೂ. ನನ್ನ ಕಾಲು ನಿಮ್ಮ ಮಾತು ಕೇಳಿತು.

ಇದನ್ನು ನಾನು ಅಮ್ಮನಿಗೆ ಬರೆದಿಲ್ಲ. ಬರೆಯುವುದಿಲ್ಲ. ಅವಳಿಗೆ ಚಿತ್ರ ಬರಲಿಲ್ಲವಂತೆ, ಹಾಗೇ ಇರಲಿ.

ಡೈನ್ಯುಸ್‌ನನ್ನು ಏನೂ ಕೇಳಬೇಡಿ. ಕೋಚ್ ಕರೆದದ್ದು ಅವನಿಗೆ ಕೇಳಿಸಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ನಾವು ಮೂರೇ ಹೆಜ್ಜೆ ದೂರದಲ್ಲಿದ್ದೆವು, ನನಗೆ ಕೇಳಿಸಿತ್ತು. ಅವನಿಗೂ ಕೇಳಿಸಿತ್ತು ಅಂತಾದರೆ ಅದು ನನಗೆ ತಿಳಿಯುವುದು ಬೇಡ.

ಶೂ ಅವನಿಗೆ ಕೊಡಿ. ನಂಬರು ಒಂದೇ.

ಯೋರಿಸ್